ಆ ಸಂಜೆ ನಮ್ಮ ಸ್ಟೇಷನ್ನಿನಲ್ಲಿ ರೈಲು ಹತ್ತಿದವರು

ಹೋದ ವರ್ಷ ಗೌರಿ ಹಬ್ಬ ಕಳೆದು ಹದಿನೈದು ದಿನವಾಗಿರಬೇಕು. ಆ ಸಂಜೆ ನಮ್ಮ ಸ್ಟೇಷನ್ನಿನಲ್ಲಿ ನಡೆದದ್ದು ನೆನಪಾದರೆ, ಲ್ಯಾಬಿನಲ್ಲಿ ರಕ್ತ ತೆಗೆಯುವ ಹೊತ್ತಿನಲ್ಲೂ ನನಗೆ ನಗು ಬಂದುಬಿಡುತ್ತದೆ. ಸೂಜಿ ಹಿಡಿದುಕೊಂಡು ನಗುವವಳನ್ನು ನೋಡಿ ಎದುರಿಗಿರುವ ಪೇಷೆಂಟು ಹೆದರಿಕೊಳ್ಳುತ್ತಾರೆ.

ನಾನು ಕೆಂಗೇರಿಯ ಒಂದು ನರ್ಸಿಂಗ್ ಹೋಮಿನಲ್ಲಿ ಲ್ಯಾಬ್ ಟೆಕ್ನಿಷಿಯನ್. ನಮ್ಮ ಮನೆಯವರಿಗೆ ಮಳವಳ್ಳಿ ಕಡೆ ಬ್ಲಫ್‌ ಎಂಬಲ್ಲಿಯ ಪವರ್ ಹೌಸಿನಲ್ಲಿ ಶಿಫ್ಟ್ ಕೆಲಸ. ಎತ್ತು ಏರಿಗೆ, ಕೋಣ ನೀರಿಗೆ ಅನ್ನುವ ಹಾಗಿದ್ದ ಸಂಸಾರವನ್ನು ಒಂದು ಕಡೆ ಸೇರಿಸೋಣ ಎಂದು ಮದ್ದೂರಿಗೂ ಮಂಡ್ಯಕ್ಕೂ ನಡುವೆ ಒಂದು ಸಣ್ಣ ಸ್ಟೇಷನ್ನಿನ ಪಕ್ಕದ ಲೇಔಟಿನಲ್ಲಿ ಸೈಟು ತೆಗೆದುಕೊಂಡು ಮನೆ ಕಟ್ಟಿದೆವು. "ಸ್ಟೇಷನ್ನಿಗೆ ಎರಡೇ ನಿಮಿಷ" ಎಂದು ಬ್ರೋಕರ್ ಹೇಳಿದ್ದ. ಅದು ಸುಳ್ಳಲ್ಲ. ಆದರೆ ಅಲ್ಲಿ ರೈಲು ನಿಲ್ಲುತ್ತದೆಯೇ ಎಂದು ನಾವು ಕೇಳಲಿಲ್ಲ, ಅವನೂ ಹೇಳಲಿಲ್ಲ. ನಿಲ್ಲುತ್ತಿದ್ದುದು ಹೊತ್ತಲ್ಲದ ಹೊತ್ತಿನಲ್ಲಿ ಬರುವ ಒಂದೇ ಒಂದು ಪ್ಯಾಸೆಂಜರ್ ಗಾಡಿ. ಅದನ್ನು ನಂಬಿದರೆ ಡ್ಯೂಟಿಗೆ ಮಧ್ಯಾಹ್ನದ ಊಟದ ಹೊತ್ತಿಗೆ ಸೇರಬೇಕು.

ಹಾಗಾಗಿ ಸ್ವಂತ ಮನೆ ಕಟ್ಟಿದ ಮೇಲೂ ನಾನು ಕೆಂಗೇರಿಯ ಪಿ.ಜಿ.ಯಲ್ಲೇ ಉಳಿದೆ. ಮಗಳು ಚಿನ್ನಿ ಹೊಸ ಮನೆಯಲ್ಲಿ ನಮ್ಮತ್ತೆಯ ಹತ್ತಿರ. ಭಾನುವಾರ ಬಂದು ಅವಳ ತಲೆಗೆ ಎಣ್ಣೆ ಹಚ್ಚಿ ನೀರು ಹಾಕುವುದು, ಸೋಮವಾರ ಮುಂಜಾನೆ ಬಸ್ಸು ಹಿಡಿಯುವುದು. ಒಂದು ಸಲ ಸ್ಕೂಲಿನಲ್ಲಿ 'ನಮ್ಮ ಮನೆಯವರು' ಎಂದು ಬರೆಸಿದ್ದರು. ಚಿನ್ನಿ ಅಜ್ಜಿಯ ಹೆಸರು ಬರೆದಿದ್ದಳು, ಅಪ್ಪನ ಹೆಸರು ಬರೆದಿದ್ದಳು. ಕೆಳಗೆ 'ನೆಂಟರು' ಎಂದು ಇನ್ನೊಂದು ಸಾಲು ಎಳೆದು ನನ್ನ ಹೆಸರು ಬರೆದಿದ್ದಳು. ಪಿ.ಜಿ.ಗೆ ಹೋಗಿ ಬಾತ್‌ರೂಮಿನ ನಲ್ಲಿ ತಿರುಗಿಸಿಕೊಂಡು ಅತ್ತುಬಿಟ್ಟೆ.

ಅಷ್ಟರಲ್ಲಿ ಲೇಔಟಿನಲ್ಲಿ ಮನೆಗಳು ಹೆಚ್ಚಾಗಿದ್ದವು. ಎಲ್ಲರೂ ಸೇರಿ ಅರ್ಜಿ ಕೊಟ್ಟು, ಕಂಡಕಂಡವರ ಬಾಗಿಲು ತಟ್ಟಿದ ಮೇಲೆ, ಬೆಳಿಗ್ಗೆ ಬೆಂಗಳೂರಿಗೆ ಹೋಗುವ ಒಂದು ಗಾಡಿಯನ್ನೂ ಸಂಜೆ ವಾಪಸು ಬರುವ ಒಂದು ಗಾಡಿಯನ್ನೂ ಆರು ತಿಂಗಳು ಪ್ರಾಯೋಗಿಕವಾಗಿ ನಿಲ್ಲಿಸುವುದೆಂದು ಆಯಿತು. ಜನ ಬಳಸಿದರೆ ಮುಂದಕ್ಕೂ ಉಂಟು, ಇಲ್ಲದಿದ್ದರೆ ಇಲ್ಲ. ನಾನು ಅದೇ ವಾರ ಹಾಸಿಗೆ ಸುತ್ತಿಕೊಂಡು ಮನೆಗೆ ಬಂದೆ.

ಇನ್ನು ನಮ್ಮತ್ತೆಯ ವಿಷಯ. ಅವರು ಬೆಳಕವಾಡಿಯವರು. ಮಳವಳ್ಳಿ ಸೀಮೆಯಲ್ಲಿ ರೈಲೇ ಇಲ್ಲ. ಅರವತ್ತೈದು ವರ್ಷವಾದರೂ ಅವರು ಗಾಡಿ ಹತ್ತಿದವರಲ್ಲ. "ಅಷ್ಟುದ್ದದ್ದು, ಯಾವ ಬಾಗ್ಲಲ್ಲಿ ಅತ್ತಿ ಯಾವ ಬಾಗ್ಲಲ್ಲಿ ಇಳಿಯೋದು" ಎನ್ನುತ್ತಿದ್ದರು. ಆದರೆ ಸಂಜೆ ನಾನು ಇಳಿಯುವ ಹೊತ್ತಿಗೆ ಟಿಕೆಟ್ ಕಿಟಕಿಯ ಪಕ್ಕದಲ್ಲಿ ತಪ್ಪದೆ ನಿಂತಿರುತ್ತಿದ್ದರು. ನನ್ನನ್ನು ಅಡಿಯಿಂದ ಮುಡಿಯವರೆಗೆ ಒಂದು ಸಲ ನೋಡಿ, "ಬಂದ್ಯಾ" ಎಂದು ಮುಂದೆ ಮುಂದೆ ನಡೆದುಬಿಡುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಸೊಸೆ ಯಾವ ಗಾಡಿಗೆ ಬರುತ್ತಾಳೆ, ಯಾರ ಜೊತೆ ಮಾತಾಡಿಕೊಂಡು ಇಳಿಯುತ್ತಾಳೆ ಎಂದು ಕಾಯುತ್ತಾರಲ್ಲ ಎಂದು.

"ನಿಮ್ಮಮ್ಮ ದಿನಾ ಹಾಜರಿ ತಗೊಳ್ತಾರೆ" ಎಂದು ನಮ್ಮ ಮನೆಯವರಿಗೆ ಹೇಳಿದೆ.

"ಸಂಜೆ ಅಂಗೆ ಗಾಳಿಗೆ ಓಯ್ತದೆ, ಬುಡು" ಎಂದು ಅವರು ಜಾರಿಕೊಂಡರು.

ಐದನೇ ತಿಂಗಳು ನಡೆಯುತ್ತಿತ್ತು. ಆ ಸಂಜೆ ನಾನು ರೈಲಿನಿಂದ ಇಳಿದು ನೋಡಿದರೆ, ಯಾವತ್ತೂ ಖಾಲಿ ಹೊಡೆಯುವ ಪ್ಲಾಟ್‌ಫಾರಂ ತುಂಬಿಹೋಗಿತ್ತು. ನಮ್ಮ ಲೇಔಟಿನ ಮೂವತ್ತು ಜನವಾದರೂ ಇದ್ದರು. ಎಲ್ಲರ ಕೈಯಲ್ಲೂ ಟಿಕೆಟ್ಟು. ಪಕ್ಕದ ಮನೆ ಜಯಮ್ಮ ನೈಟಿಯ ಮೇಲೆ ಟವೆಲ್ ಹೊದ್ದು ನಿಂತಿದ್ದರು. ಕೆಂಪಣ್ಣ ಡೈರಿಗೆ ಹಾಕಬೇಕಾದ ಹಾಲಿನ ಕ್ಯಾನು ಹಿಡಿದುಕೊಂಡೇ ಬಂದಿದ್ದರು. ಅರ್ಧಕ್ಕರ್ಧ ಜನರ ಕಾಲಲ್ಲಿ ಚಪ್ಪಲಿಯಿರಲಿಲ್ಲ. ಸ್ಟೇಷನ್ ಮುಂದೆ ಬೈಕ್ ರಿಪೇರಿ ಅಂಗಡಿ ಇಟ್ಟಿರುವ ಫಯಾಜಣ್ಣ ಗ್ರೀಸು ಮೆತ್ತಿದ ಕೈಯಲ್ಲೇ ಎಲ್ಲರನ್ನೂ ಸಾಲಾಗಿ ನಿಲ್ಲಿಸುತ್ತಿದ್ದರು. ಅವರೆಲ್ಲರ ನಡುವೆ ಚಿನ್ನಿಯ ಕೈ ಹಿಡಿದುಕೊಂಡು ನಮ್ಮತ್ತೆ.

ಎದುರಿಗೆ ಫೈಲು ಹಿಡಿದ ರೈಲ್ವೆ ಅಧಿಕಾರಿಯೊಬ್ಬರು. ಈ ಸ್ಟೇಷನ್ನಿನಲ್ಲಿ ನಿಜವಾಗಿ ಎಷ್ಟು ಜನ ಹತ್ತುತ್ತಾರೆ, ಎಷ್ಟು ಜನ ಇಳಿಯುತ್ತಾರೆ ಎಂದು ನೋಡಲು ಬಂದಿದ್ದವರು. ಅವರು ಬರುವ ಸುದ್ದಿ ಕೊನೇ ಗಳಿಗೆಯಲ್ಲಿ ತಿಳಿದು ಫಯಾಜಣ್ಣ ಕೈಗೆ ಸಿಕ್ಕವರನ್ನೆಲ್ಲ ಇದ್ದ ಹಾಗೇ ಕರೆತಂದಿದ್ದರು. ಮುಂದಿನ ಸಿಗ್ನಲ್ ಸಿಗದೆ ಗಾಡಿ ಅಲ್ಲೇ ನಿಂತಿತ್ತು, ಅವರಿಗೂ ಪುರಸೊತ್ತು ಸಿಕ್ಕಿತು.

"ಎಲ್ಲಿಗಮ್ಮ?" ಎಂದು ಜಯಮ್ಮನನ್ನು ಕೇಳಿದರು.

"ಮಂಡ್ಯಕ್ಕೆ ಸಾರ್, ಮದ್ವೆಗೆ."

ಅಧಿಕಾರಿ ನೈಟಿ ನೋಡಿದರು, ಬರಿಗಾಲು ನೋಡಿದರು. ಕೆಂಪಣ್ಣನನ್ನು ಕೇಳಿದರು. "ಮದ್ವೆಗೇ ಸ್ವಾಮಿ." ಹಾಲಿನ ಕ್ಯಾನನ್ನೂ ನೋಡಿದರು. "ಯಾರ ಮದುವೆ?" ಎಂದರು.

ಫಯಾಜಣ್ಣ ಎಲ್ಲರಿಗೂ ಮದುವೆ ಎಂದು ಹೇಳಿಕೊಟ್ಟಿದ್ದರೇ ಹೊರತು ಯಾರದೆಂದು ಹೇಳಿಕೊಟ್ಟಿರಲಿಲ್ಲ. "ನಮ್ಮಣ್ಣನ ಮಗಳ್ದು" ಎಂದರು ಜಯಮ್ಮ. "ನಮ್ಮ ಸೋದರಮಾವನ ಮಗನದು" ಎಂದರು ಕೆಂಪಣ್ಣ. ಆಮೇಲೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಅಧಿಕಾರಿ ಅವರಿಬ್ಬರನ್ನೂ ಬಿಟ್ಟು ನಮ್ಮತ್ತೆಯ ಕಡೆ ತಿರುಗಿದರು.

"ನೀವೂ ಮದುವೆಗೇನಾ ಅಜ್ಜಿ?"

"ನಾನೆಲ್ಲೂ ಓಗಾಕಿಲ್ಲ ಕಣಪ್ಪ" ಎಂದರು ನಮ್ಮತ್ತೆ. "ಯಾವ ಮದ್ವೆನೂ ಇಲ್ಲ. ಇಲ್ಲಿ ಟಿಕೀಟು ಮಾರಾಟಾಗ್ದಿದ್ರೆ ರೈಲು ನಿಲ್ಸಾಕಿಲ್ಲ ಅಂದ್ರು. ಅದ್ಕೇ ದಿನಾ ಒಂದು ತಗತೀನಿ. ಈ ರೈಲು ನಿಂತ್ರೆ ನಮ್ ಸೊಸೆ ಸಂಜೆಗೆ ಮನೆ ಸೇರ್ಕತಾಳೆ. ನಿಲ್ದಿದ್ರೆ ಮತ್ತೆ ಆ ಪೀಜಿಗೋಯ್ತಾಳೆ. ಈ ಕೂಸು ರಾತ್ರಿ ಎದ್ದು ಅವ್ವ ಬೇಕು ಅಂದ್ರೆ ನಾನೆಲ್ಲಿಂದ ತರ್ಲಿ, ನೀನೇ ಯೋಳು."

ಫಯಾಜಣ್ಣ ತಲೆ ಮೇಲೆ ಕೈ ಹೊತ್ತುಕೊಂಡರು. ದಿನಾ ಟಿಕೆಟ್ ಕಿಟಕಿಯ ಹತ್ತಿರವೇ ಯಾಕೆ ನಿಂತಿರುತ್ತಿದ್ದರು ಎಂಬುದು ನನಗೆ ಗೊತ್ತಾದದ್ದು ಆವಾಗ. ಇಷ್ಟು ದಿನ ಮನಸ್ಸಿನಲ್ಲಿ ಬೈದುಕೊಂಡದ್ದೆಲ್ಲ ಒಂದೊಂದಾಗಿ ನೆನಪಾಗಿ ನಾಚಿಕೆಯಾಯಿತು.

ಅಧಿಕಾರಿ ಚಿನ್ನಿಯನ್ನು ನೋಡಿ, "ನಿಮ್ಮ ಸೊಸೆ ಯಾರು?" ಎಂದರು. ಅತ್ತೆ ನನ್ನನ್ನು ತೋರಿಸಿದರು. ಅವರು ನನ್ನ ಪಾಸು ಕೇಳಿ ನೋಡಿದರು. ನನ್ನ ಜೊತೆ ಇಳಿದಿದ್ದವರಲ್ಲಿ ಐದಾರು ಜನರ ಪಾಸನ್ನೂ ನೋಡಿದರು.

"ಎಲ್ಲರೂ ಕೆಂಗೇರಿ, ಬೆಂಗಳೂರಲ್ಲೇ ಪಾಸ್ ತಗೊಂಡಿದ್ದೀರಲ್ಲ ಮೇಡಂ. ಇದೇ ಕಿಟಕೀಲಿ ತಗೊಂಡಿದ್ರೆ ಈ ಸ್ಟೇಷನ್ ಲೆಕ್ಕಕ್ಕೆ ಸೇರ್ತಿತ್ತು. ಪಾಪ, ಅಜ್ಜಿ ಯಾಕೆ ದಿನಾ ಬಂದು ನಿಲ್ಲಬೇಕಿತ್ತು?"

ನಲವತ್ತು ಜನ ದಿನಾ ಓಡಾಡುವವರು, ಡಿಗ್ರಿ ಓದಿದವರು, ನಮ್ಮಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ. ಅಲ್ಲಿ ಕಿಟಕಿ ಯಾವಾಗಲೂ ತೆರೆದಿರುತ್ತದೆ, ಇಲ್ಲಿ ತೆರೆಯುವ ತನಕ ಯಾರು ಕಾಯುತ್ತಾರೆ ಎಂದು ಎಲ್ಲರೂ ಅಲ್ಲೇ ಪಾಸು ಮಾಡಿಸಿಕೊಂಡಿದ್ದೆವು. ಮನೆಯಲ್ಲಿರುವವರು ನಮಗೆ ಹೇಳದೆ ಆ ಕೊರತೆಯನ್ನು ತುಂಬುತ್ತಿದ್ದರು.

ಅಷ್ಟರಲ್ಲಿ ರೈಲು ಹಾರ್ನ್ ಹೊಡೆಯಿತು. ಅಧಿಕಾರಿ ಫೈಲು ಮುಚ್ಚಿ, "ಇಳಿದವರನ್ನ ಎಣಿಸಿಕೊಂಡಿದ್ದೀನಿ, ಅದೇ ಸಾಕಷ್ಟಿದೆ. ಆದ್ರೆ ಟಿಕೆಟ್ ತಗೊಂಡು ಹತ್ತದೇ ನಿಂತ್ರೆ ನಾನು ಏನಂತ ಬರೀಲಿ? ಹತ್ತಿ, ಹತ್ತಿ" ಎಂದರು.

ಅವರು ತಮಾಷೆಗೆ ಹೇಳಿದರೋ ನಿಜವಾಗಿ ಹೇಳಿದರೋ ಇವತ್ತಿಗೂ ಗೊತ್ತಿಲ್ಲ. ಫಯಾಜಣ್ಣ ಮಾತ್ರ ಅದನ್ನು ಅಪ್ಪಣೆ ಎಂದೇ ತಿಳಿದು, "ಅತ್ರಪ್ಪಾ ಎಲ್ರೂ" ಎಂದು ಕೂಗಿದರು. ಮೂವತ್ತು ಜನ ದಡಬಡ ಹತ್ತಿದರು. "ನನ್ನೊಲೆ ಮೇಲೆ ಸಾರೈತೆ" ಎನ್ನುತ್ತಲೇ ಜಯಮ್ಮ ಹತ್ತಿದರು. ಹಾಲಿನ ಕ್ಯಾನೂ ಹತ್ತಿತು. ನಮ್ಮತ್ತೆ ಬಾಗಿಲ ಮುಂದೆ ಒಂದು ಗಳಿಗೆ ತಡೆದು, ನನ್ನ ಕಡೆ ಕೈ ಚಾಚಿ, "ಇಡ್ಕಳಮ್ಮಿ" ಎಂದರು. ಹೀಗೆ ಐದು ನಿಮಿಷದ ಹಿಂದೆ ಇಳಿದಿದ್ದ ನಾನು ಅದೇ ರೈಲಿಗೆ ಮತ್ತೆ ಹತ್ತಿದೆ. ಟಿಕೆಟ್ಟಿಲ್ಲವಲ್ಲ ಎಂದು ಪಾಸು ತೆಗೆದೆ. ನೋಡಿದರೆ, ದರ ಒಂದೇ ಎಂದು ಮಾಡಿಸಿಕೊಂಡಿದ್ದ ಅದು ಮಂಡ್ಯದವರೆಗೂ ಇತ್ತು, ಸದ್ಯ.

ಮಂಡ್ಯ ಬರುವಷ್ಟರಲ್ಲಿ ಫೋನಿನ ಮೇಲೆ ಫೋನು. ಜಯಮ್ಮನ ಗಂಡ ಒಲೆ ಆರಿಸಿದರು. ಕೆಂಪಣ್ಣ ಹಾಲನ್ನು ಸ್ಟೇಷನ್ ಎದುರಿನ ಹೋಟೆಲಿನವರಿಗೇ ಕೊಟ್ಟುಬಿಟ್ಟರು, ನಾವೆಲ್ಲ ಅಲ್ಲೇ ದೋಸೆ ತಿಂದು ಅದೇ ಹಾಲಿನ ಕಾಫಿ ಕುಡಿದೆವು. ಬರಿಗಾಲಿನ ಆ ದಂಡನ್ನು ನೋಡಿ ಹೋಟೆಲಿನವರು ಯಾವ ಬೆಟ್ಟಕ್ಕೆ ಹರಕೆ ಎಂದು ಕೇಳಿದರು. ನಮ್ಮತ್ತೆ ಚಿನ್ನಿಗೆ ದೋಸೆ ಮುರಿದುಕೊಡುತ್ತಾ, "ಇಷ್ಟು ದಿನ ಬರೀ ಟಿಕೀಟ್ ತಗಂಡು ಮನೆಗೋಯ್ತಿದ್ನಲ್ಲ, ಬಂದ್ಬುಡಬೋದಾಗಿತ್ತು" ಎಂದರು. ಮಂಡ್ಯದ ಸಂಜೆ ಅಷ್ಟು ಚೆನ್ನಾಗಿರುವುದನ್ನು ನಾನು ಮೊದಲು ಕಂಡಿರಲಿಲ್ಲ. ಎಲ್ಲರೂ ಬಸ್ಸಿಗೆ ನಗುತ್ತಾ ವಾಪಸು ಬಂದೆವು.

ಮಾರನೇ ತಿಂಗಳಿಂದ ನಾವೆಲ್ಲ ನಮ್ಮ ಸ್ಟೇಷನ್ನಿನಲ್ಲೇ ಪಾಸು ಮಾಡಿಸಿದೆವು. ಆರು ತಿಂಗಳು ತುಂಬಿದ ಮೇಲೆ ನಿಲುಗಡೆ ಕಾಯಂ ಆಯಿತು, ಜೊತೆಗೆ ಇನ್ನೊಂದು ಗಾಡಿಯೂ ನಿಲ್ಲತೊಡಗಿತು. ಲೇಔಟಿನಲ್ಲಿ ಈಗ ಬಾಡಿಗೆಗೆ ಮನೆ ಸಿಗುವುದಿಲ್ಲ.

ಕಾಯಂ ಆದ ಸುದ್ದಿ ಬಂದ ಸಂಜೆ ಅತ್ತೆಯೂ ನಾನೂ ಸ್ಟೇಷನ್ನಿನಿಂದ ಮನೆಗೆ ನಡೆದು ಬರುತ್ತಿದ್ದೆವು. ನನಗೆ ತಡೆದುಕೊಳ್ಳಲು ಆಗಲಿಲ್ಲ.

"ಅತ್ತೆ, ತಪ್ಪು ತಿಳ್ಕೋಬೇಡಿ. ನೀವು ದಿನಾ ಅಲ್ಲಿ ನಿಂತಿರೋದು ನಾನು ಎಷ್ಟೊತ್ತಿಗೆ ಬರ್ತೀನಿ, ಯಾರ ಜೊತೆ ಬರ್ತೀನಿ ಅಂತ ನೋಡೋಕೆ ಅಂದ್ಕೊಂಡಿದ್ದೆ."

ಅತ್ತೆ ತಿರುಗಿಯೂ ನೋಡಲಿಲ್ಲ. ನಡೆಯುತ್ತಲೇ ಹೇಳಿದರು:

"ಅದ್ಕೂ ಬತ್ತಿದ್ದೆ ಕಣಮ್ಮಿ. ಎಲ್ಡೂ ಕೆಲ್ಸ ಒಂದೇ ದಪ ಆಯ್ತಿತ್ತು."

ನಾನು ರಸ್ತೆಯಲ್ಲೇ ನಿಂತು ಕಣ್ಣಲ್ಲಿ ನೀರು ಬರುವ ತನಕ ನಕ್ಕೆ. ಅವರೂ ನಕ್ಕರು. ಮದುವೆಯಾಗಿ ಹತ್ತು ವರ್ಷವಾಗಿತ್ತು, ನಾವಿಬ್ಬರೂ ಒಟ್ಟಿಗೆ ನಕ್ಕದ್ದು ಅದೇ ಮೊದಲು.