ಕನ್ನೇರ ಕೋಟೆಗೆ ಹೊತ್ತ ತಂಬಿಟ್ಟು

ಈ ಪ್ರಯಾಣದ ಕತೆ ಬರೆಯಲು ಎಷ್ಟೋ ಸಲ ಕುಳಿತು, ಪ್ರತಿ ಸಲವೂ ಬೇರೆ ಊರಿನ ಕತೆ ಬರೆದು ಎದ್ದಿದ್ದೇನೆ. ಬೇಲೂರನ್ನು ಬರೆದೆ, ಶ್ರವಣಬೆಳಗೊಳವನ್ನು ಬರೆದೆ. ಪೂರಿಗಾಲಿಯ ಆಚೆಯ ಆ ಬೋಳುಗುಡ್ಡವೊಂದೇ ಉಳಿದುಹೋಯಿತು. ಕಾರಣ ಅಂಜಿಕೆ. ಇನ್ನು ಮುಂದೂಡುವಷ್ಟು ಆಯುಸ್ಸು ನನ್ನಲ್ಲಿಲ್ಲ.

ಎಪ್ಪತ್ತರ ದಶಕದ ಮಾತು. ಎಸ್ಸೆಸ್ಸೆಲ್ಸಿ ಮುಗಿಸಿ ಮಂಡ್ಯದಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದೆ. ಒಂದು ಬೇಸಿಗೆಯಲ್ಲಿ ಗೆಳೆಯ ಕೆಂಪಣ್ಣ ಬಂದು, ಪೂರಿಗಾಲಿಯಲ್ಲಿರುವ ತನ್ನ ಅಕ್ಕ ಕನ್ನೇರ ಕೋಟೆಗೆ ಹರಕೆ ಒಪ್ಪಿಸಬೇಕು, ನೀನು ಬರಬೇಕು ಎಂದ. ಆ ಗುಡ್ಡದಲ್ಲಿ ಏಳು ಜನ ದೇವಕನ್ನೆಯರು ಮನುಷ್ಯರ ಕಣ್ಣಿಗೆ ಬೀಳದ ಕೋಟೆ ಕಟ್ಟಿಕೊಂಡಿದ್ದಾರೆ ಎಂಬುದು ಅಲ್ಲಿಯವರ ನಂಬಿಕೆ. ಅವರಿಗೆ ಒಯ್ಯುವ ಮೀಸಲು ತಂಬಿಟ್ಟನ್ನು ಹರಕೆಯ ಮನೆಯವರು ಹೊರುವಂತಿಲ್ಲ. ಸಂಬಂಧವಿಲ್ಲದ ಹೊರಗಿನವನೇ ಹೊರಬೇಕು. ಆ ಹೊರಗಿನವನು ನಾನು.

ಮಂಡ್ಯದಿಂದ ಮಳವಳ್ಳಿಗೆ ಬಸ್ ಚಾರ್ಜು ಎರಡು ರೂಪಾಯಿಯೊಳಗೇ ಇತ್ತು. ಯಾರದೋ ಕೋಳಿಬುಟ್ಟಿ ದಾರಿಯುದ್ದಕ್ಕೂ ನನ್ನ ತೊಡೆಯ ಮೇಲಿತ್ತು. ಮಳವಳ್ಳಿಯಲ್ಲಿ ಇಡ್ಲಿ ತಿಂದು, ಬಸ್ಸು ಬದಲಿಸಿ, ಸಂಜೆಗೆ ಪೂರಿಗಾಲಿ ಸೇರಿದೆವು. ಅಕ್ಕ ಬಾಯಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ತಂಬಿಟ್ಟು ಕಟ್ಟುತ್ತಿದ್ದರು. ಮೀಸಲನ್ನು ಮೂಸಿಯೂ ನೋಡಬಾರದಲ್ಲ. ಪಕ್ಕದಲ್ಲಿ ತುಂಬು ಬಸುರಿ ಮಗಳು. ಅವಳಿಗೆ ಎರಡು ಸಲ ಗರ್ಭ ಇಳಿದು, ಇದು ಮೂರನೆಯದು. ಹರಕೆ ಈ ಕೂಸಿಗಾಗಿಯೇ. ಮೀಸಲು ಒಪ್ಪುವವರೆಗೆ ಅಕ್ಕನಿಗೆ ಉಪವಾಸ.

ಬೆಳಿಗ್ಗೆ ಮಗಳನ್ನು ಮನೆಯಲ್ಲೇ ಬಿಟ್ಟು, ತಂಬಿಟ್ಟಿನ ಬುಟ್ಟಿಯನ್ನು ನನ್ನ ತಲೆಗೇರಿಸಿ, ಮೂವರೂ ಬರಿಗಾಲಲ್ಲಿ ಹೊರಟೆವು. ಕೆರೆ, ಕಬ್ಬು, ಭತ್ತ ಹಿಂದೆ ಬಿದ್ದವು. ಮುಂದೆ ಬರೀ ಕಲ್ಲು, ಕಾರೆಮುಳ್ಳು, ಬಿಸಿಗಾಳಿ. ನೆರಳೆಂದರೆ ನಮ್ಮದೇ. ಕೋಟೆ ಎಲ್ಲಿದೆ ಎಂದು ಕೇಳಿದೆ.

"ನನ್ ಕೇಳ್ಬ್ಯಾಡ ಕಣ್ಲಾ," ಎಂದ ಕೆಂಪಣ್ಣ. "ನಾಕ್ ಸಲ ಬಂದಿವ್ನಿ, ಒಂದ್ ಬಾಗ್ಲೂ ಕಂಡಿಲ್ಲ."

ಅರ್ಧ ದಾರಿಯಲ್ಲಿ ಬುಟ್ಟಿಯಿಂದ ಬೆಲ್ಲ, ಹುರಿಗಡಲೆ, ಕೊಬ್ಬರಿಯ ವಾಸನೆ ತಲೆಯಿಂದ ಮೂಗಿಗೆ ಇಳಿಯತೊಡಗಿತು. ಕಾಲಿಗೆ ಮುಳ್ಳು ಚುಚ್ಚಿತೆಂದು ಸುಳ್ಳು ಹೇಳಿ ಹಿಂದುಳಿದೆ. ಬಂಡೆಯ ಮರೆಯಲ್ಲಿ ಕುಳಿತು ಒಂದು ತಂಬಿಟ್ಟು ತಿಂದೆ. ಅಷ್ಟು ರುಚಿಯಾದದ್ದನ್ನು ನಾನು ಈವರೆಗೆ ತಿಂದಿಲ್ಲ, ಅದನ್ನೂ ಒಪ್ಪಿಕೊಂಡುಬಿಡುತ್ತೇನೆ.

ನೆತ್ತಿ ಹತ್ತಿ ತಿರುಗಿದೊಡನೆ ಏಳು ಬಂಡೆಗಳು ಹೆಗಲಿಗೆ ಹೆಗಲು ಕೊಟ್ಟು ನಿಂತಿದ್ದವು. ಕೆಳಗಿನಿಂದ ಒಂದೂ ಕಾಣುವುದಿಲ್ಲ. ಸಂದಿಯಿಂದ ತಣ್ಣನೆಯ ಗಾಳಿ ಬರುತ್ತಿತ್ತು. ಒಳಗೆ ಅಂಗೈಯಗಲ ನೀರು, ಸುತ್ತ ಎಳೆಹುಲ್ಲು, ಹರಕೆಯ ಹಸಿರು ಬಳೆಗಳು. ಆ ಸುಡುವ ಗುಡ್ಡದಲ್ಲಿ ಅದು ಯಾರೋ ಈಗಷ್ಟೇ ಗುಡಿಸಿ ನೀರು ಚಿಮುಕಿಸಿದ ಮನೆಯಂತಿತ್ತು. ನಗುತ್ತ ಹತ್ತಿದ್ದ ನಾನು ಕೈ ಮುಗಿದೆ.

ಅಕ್ಕ ಒಂದೊಂದು ಬಂಡೆಯ ಬುಡಕ್ಕೆ ಒಂದೊಂದು ತಂಬಿಟ್ಟು ಇಡುತ್ತ ಹೋಗಿ, ಏಳನೆಯದರ ಮುಂದೆ ಬರಿಗೈಯಲ್ಲಿ ನಿಂತರು.

"ಏಳು ಕಟ್ಟಿದ್ನಲ್ಲಪ್ಪ," ಎಂದು ಕೆನ್ನೆ ಬಡಿದುಕೊಂಡರು. "ನಂಗೇ ಲೆಕ್ಕ ತಪ್ಪೋಯ್ತು. ಮಗ್ಳು ಯೋಚ್ನೇಲಿ ಮನ್ಸೇ ನಿಂತಿರ್ನಿಲ್ಲ."

"ಅಂಚ್ಕೊಂಡ್ ತಿಂತಾರೆ ಬುಡಕ್ಕ, ಅಕ್ಕತಂಗೀರಲ್ವಾ," ಎಂದ ಕೆಂಪಣ್ಣ.

"ಬಸ್ರೀರ್ನ ಕಾಯಾಳೇ ಆ ಕಿರೀವ್ಳು ಕಣ್ಲಾ. ಅವ್ಳಿಗೇ ಇಲ್ದಂಗಾಯ್ತು."

ಆಮೇಲೆ ನನ್ನತ್ತ ತಿರುಗಿದರು. "ನಾಳೀಕೆ ಇನ್ನೊಂದ್ಕಿತ ಒತ್ಕೊಂಡ್ ಬತ್ತೀಯಾ ಕಣಪ್ಪ? ನೀನು ನೇಮದಿಂದ ತಂದೆ."

ಅಂಗಡಿ ತೆಗೆಯಬೇಕು ಎಂದೆ. ಮರುದಿನ ಮೊದಲ ಬಸ್ಸಿಗೇ ಮಂಡ್ಯಕ್ಕೆ ಬಂದುಬಿಟ್ಟೆ.

ಅಕ್ಕ ಬೇರೊಬ್ಬರ ತಲೆಗೆ ಬುಟ್ಟಿ ಹೊರಿಸಿ, ಬಿಡದ ಉಪವಾಸದಲ್ಲೇ ಮತ್ತೆ ಆ ಗುಡ್ಡ ಹತ್ತಿದರಂತೆ. ತಿಂಗಳೊಪ್ಪತ್ತಿನಲ್ಲಿ ಮಗಳಿಗೆ ಹೆಣ್ಣುಮಗು ಹುಟ್ಟಿತು. ತಾಯಿ ಮಗು ಕ್ಷೇಮ. ಕೂಸಿನ ಅಳು ಕೇಳಿ ಕನ್ನೆಯರು ಕೋಟೆ ಖಾಲಿ ಮಾಡುವಂತಿದ್ದಾರೆ ಎಂದು ಕೆಂಪಣ್ಣ ನಗುತ್ತ ಸುದ್ದಿ ತಂದ. ನಾಮಕರಣಕ್ಕೆ ಹೋದೆ. ಅಕ್ಕ ಪಕ್ಕದಲ್ಲೇ ನಿಂತು ಬೇಡವೆಂದರೂ ಬಡಿಸಿದರು. ಉಂಡೆ, ಎಲೆ ಮಡಿಚಿದೆ, ಬಾಯಿ ಬಿಡಲಿಲ್ಲ. ಆಮೇಲೂ ಎಷ್ಟೋ ವರ್ಷ ಅವರು ಬದುಕಿದ್ದರು. ನನಗೆ ಪೂರಿಗಾಲಿಯ ಬಸ್ಸು ಸಿಗಲೇ ಇಲ್ಲ.

ಇಲ್ಲಿಯವರೆಗೂ ಬರೀ ಅಕ್ಕ ಎಂದು ಬರೆದು ತಪ್ಪಿಸಿಕೊಂಡಿದ್ದೇನೆ. ಅಂದು ಲೆಕ್ಕ ತಪ್ಪಿದವರು ನೀವಲ್ಲ, ಚಿಕ್ಕತಾಯಕ್ಕ.