ಬಚ್ಚಲ ಕಟ್ಟೆಗೆ ಅರಿಶಿನ

ನಮ್ಮ ಅತ್ತೆಗೆ ಮರೆವು ಹತ್ತಿದ ಮೇಲೆ, ಅವರಿಗೆ ಏನೇ ಆದರೂ ನಮ್ಮ ಮನೆಯವರ ಬಳಿ ಒಂದೇ ಉತ್ತರವಿತ್ತು: ಅರಳುಮರಳು. ಲೋಟ ಬೀಳಿಸಿದರೆ ಅರಳುಮರಳು, ಗೋಡೆ ತಡವಿದರೆ ಅರಳುಮರಳು. ಹಲ್ಲುನೋವು ಬಂದಿದ್ದರೂ ಅದನ್ನೇ ಅನ್ನುತ್ತಿದ್ದರೇನೋ! ಇದು ತೊಂಬತ್ತರ ದಶಕದ ಕೊನೆಯ ಮಾತು. ಮಾವ ತೀರಿಕೊಂಡ ಮೇಲೆ ಅತ್ತೆಯನ್ನು ಚೇಳೂರಿನಿಂದ ತುಮಕೂರಿಗೆ, ಮರಳೂರಿನ ನಮ್ಮ ಮನೆಗೆ ಕರೆತಂದಿದ್ದೆವು. ಮೂಳೆ ಚಕ್ಕಳ ಬಿಟ್ಟರೆ ಮೈಯಲ್ಲಿ ಏನೂ ಉಳಿದಿರಲಿಲ್ಲ. ಒಂದು ಸಲ ಜೋರಾಗಿ ಬಿದ್ದರೆ ಮತ್ತೆ ಏಳುವುದಿಲ್ಲ ಎಂಬ ಭಯ ನನಗೆ.

ಹಾಲಿಗೂ ಊಟದ ಕೋಣೆಗೂ ನಡುವೆ ಬಾಗಿಲಿರಲಿಲ್ಲ. ಅಂದಕ್ಕೆಂದು ಬಿಳಿ ಮೊಸಾಯಿಕ್ ನೆಲದಲ್ಲಿ ಒಂದು ಕಪ್ಪು ಪಟ್ಟಿ ಹಾಕಿಸಿದ್ದೆವು. ಅಲ್ಲಿಗೆ ಬಂದಾಗಲೆಲ್ಲ ಅತ್ತೆ ನಿಲ್ಲುವರು. ಸೀರೆಯ ನೆರಿಗೆ ಎತ್ತಿ ಹಿಡಿದು, ಬಲಗಾಲನ್ನು ಮೊಣಕಾಲಿನಷ್ಟು ಮೇಲಕ್ಕೆತ್ತಿ ಆಚೆ ಇಡುವರು. ಒಂಟಿ ಕಾಲಿನ ಮೇಲೆ ಅವರು ಓಲಾಡುವುದನ್ನು ನೋಡಿದರೆ ನನ್ನ ಜೀವ ಬಾಯಿಗೆ ಬರುತ್ತಿತ್ತು. ಬಚ್ಚಲ ಬಾಗಿಲಲ್ಲಿ, ಕಟ್ಟೆ ನಿಜವಾಗಿಯೂ ಎತ್ತರವಿದ್ದ ಕಡೆ, ಕಾಲೆತ್ತದೆ ಹೋಗಿ ಎಡವುವರು. ಆ ಕಟ್ಟೆಯೂ ನೆಲದ ಹಾಗೆ ಬಿಳಿ.

"ಸಮ ಇರೋ ಕಡೆ ದಾಟ್ತಾಳೆ, ಎತ್ತರ ಇರೋ ಕಡೆ ಎಡವ್ತಾಳೆ. ಅಮ್ಮನ ತಲೆ ಪೂರ್ತಿ ಹೋಯ್ತು ಬಿಡು," ಅಂದರು ನಮ್ಮ ಯಜಮಾನರು.

ಒಂದು ಶುಕ್ರವಾರ ನಾನು ಮುಂಬಾಗಿಲ ಹೊಸ್ತಿಲಿಗೆ ಅರಿಶಿನ ಬಳಿಯುತ್ತಿದ್ದೆ. ಅತ್ತೆ ಹೊರಗೆ ಹೋಗಲು ಬಂದರು, ನಿಂತರು, ನೆರಿಗೆ ಎತ್ತಿದರು, ಅದೇ ರೀತಿ ಕಾಲೆತ್ತಿ ದಾಟಿದರು. ಆಗ ಹೊಳೆಯಿತು. ಹೊಸ್ತಿಲು ತುಳಿಯಬಾರದು ಎಂದು ನಾನು ಮದುವೆಯಾಗಿ ಬಂದ ಹೊಸದರಲ್ಲಿ ಬೈದು ಬೈದು ಕಲಿಸಿದವರೇ ಅವರು. ಮಕ್ಕಳ ಹೆಸರು ಮರೆತಿದ್ದರು, ಅದನ್ನು ಮರೆತಿರಲಿಲ್ಲ. ಕಪ್ಪು ಪಟ್ಟಿ ಅವರ ಪಾಲಿಗೆ ಹೊಸ್ತಿಲು. ಬಿಳಿ ಕಟ್ಟೆ ಅವರ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಅಯ್ಯೋ ನಮ್ಮ ಬುದ್ಧಿಗಿಷ್ಟು ಬೆಂಕಿ ಬೀಳ! ಉಳಿದ ಅರಿಶಿನವನ್ನು ಒಯ್ದು ಬಚ್ಚಲ ಕಟ್ಟೆಗೆ ದಪ್ಪಗೆ ಮೆತ್ತಿದೆ.

"ಬಚ್ಚಲಿಗೂ ಪೂಜೆನಾ? ಅತ್ತೆಗೆ ಹಿಡಿದದ್ದು ಸೊಸೆಗೂ ಹಿಡೀತು," ಎಂದು ಯಜಮಾನರು ನಕ್ಕರು. ಸ್ವಲ್ಪ ಹೊತ್ತಿಗೆ ಅತ್ತೆ ಬಂದರು, ಹಳದಿ ಕಂಡು ನಿಂತರು, ಕಾಲೆತ್ತಿ ಸಲೀಸಾಗಿ ಒಳಗೆ ಹೋದರು. ಇವರ ನಗು ಅಲ್ಲಿಗೇ ನಿಂತಿತು. ಮಾರನೆಯ ದಿನವೇ ಅತ್ತೆಯನ್ನು ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋದೆವು.

ಎರಡೂ ಕಣ್ಣಿಗೆ ಪೊರೆ ಬಲಿತಿದೆ, ಮೊದಲು ಒಂದಕ್ಕೆ ಆಪರೇಷನ್ ಮಾಡೋಣ ಅಂದರು ಡಾಕ್ಟರು. ಆಮೇಲೆ ಕಣ್ಣು ಉಜ್ಜಿಕೊಂಡರೆ ಮಾತ್ರ ಇರುವ ನೋಟವೂ ಹೋದೀತು ಎಂದು ಎಚ್ಚರಿಸಿದರು. ಸುದ್ದಿ ಕೇಳಿ, ಕುಣಿಗಲ್‌ನಲ್ಲಿ ಅಂಗಡಿ ಇಟ್ಟಿದ್ದ ಭಾವ, ಯಜಮಾನರ ಅಣ್ಣ, ಬಸ್ಸು ಹತ್ತಿ ಬಂದರು.

"ಅವ್ವ ಯಾರನ್ನೂ ಗುರುತು ಹಿಡಿಯಲ್ಲ. ಕಣ್ಣು ಬಂದು ಏನ್ ನೋಡ್ಬೇಕಾಗೈತೆ? ಕಣ್ಣಿಗೆ ಕಟ್ಟಿದ್ ಪಟ್ಟಿ ಕಿತ್ತಾಕ್ಕೊಂಡ್ರೆ ಯಾರು ಜವಾಬ್ದಾರಿ? ಸುಮ್ಕಿದ್ದು ಬುಡಮ್ಮ."

"ನಮ್ಮ ಗುರುತು ಸಿಗದಿದ್ರೆ ಹೋಗ್ಲಿ ಭಾವ, ಬಚ್ಚಲು ಕಂಡ್ರೆ ಸಾಕು. ಬಿದ್ದು ಸೊಂಟ ಮುರ್ಕೊಂಡ್ರೆ ಎತ್ತಿ ಕೂರ್ಸೋರು ಯಾರು, ನೀವಾ?"

ಭಾವನ ಮುಖಕ್ಕೆ ಎದುರಾಗಿ ಹಾಗೆ ಮಾತಾಡಿದ್ದು ಅದೇ ಮೊದಲು. ಅವರ ಮುಖ ಕೆಂಪಾಯಿತು. ಆಗಲಿ ಅಂದುಕೊಂಡೆ. ಒಳಗೊಳಗೆ ಮಾತ್ರ ನನಗೂ ಪುಕುಪುಕು. ಉಜ್ಜಬೇಡಿ ಎಂದು ಹೇಳಿದರೆ ಆ ಗಳಿಗೆಗೆ ಹೂಂ ಅನ್ನುವರು, ಮರುಗಳಿಗೆ ಮರೆತಿರುವರು.

ಆಪರೇಷನ್ ಆಗಿ ಮನೆಗೆ ಬಂದ ಮೇಲೆ ಅವರ ಮಡಿಲಿಗೆ ಅರಳೆ ಸುರಿದೆ. "ಕಾರ್ತಿಕ ಬಂತು ಅತ್ತೆ, ಹೂಬತ್ತಿ ಒಂದೂ ಇಲ್ಲ," ಅಂದೆ. ಆಗಿನ್ನೂ ಯುಗಾದಿ ಕಳೆದಿತ್ತಷ್ಟೇ. ಬತ್ತಿ ಹೊಸೆಯಲು ಅವರಿಗೆ ಕಣ್ಣು ಬೇಕಿರಲಿಲ್ಲ, ಬೆರಳು ಸಾಕು. ಕೈ ಮುಖದತ್ತ ಹೋದ ಕೂಡಲೇ ಇನ್ನಷ್ಟು ಅರಳೆ ಹಿಡಿಸುತ್ತಿದ್ದೆ. ಯಜಮಾನರು ಆಫೀಸಿಗೆ ರಜೆ ಹಾಕಿದರು. ಬೈದುಕೊಂಡು ಬಂದಿದ್ದ ಭಾವನೂ ಊರಿಗೆ ಹೋಗದೆ, ಅವ್ವ ಮಲಗಿದಾಗ ಅವರ ಎರಡೂ ಕೈ ಹಿಡಿದು ಮಂಚದ ಪಕ್ಕ ಕೂರುತ್ತಿದ್ದರು. ನಾನು ಊಟ ನಿದ್ದೆ ಬಿಟ್ಟು ಅರ್ಧ ಆಗಿಹೋದೆ. ಆ ಬತ್ತಿಗಳು ಎಷ್ಟೋ ಕಾಲ ನಮ್ಮ ದೇವರಮನೆಯಲ್ಲಿ ಉರಿದವು.

ಕಣ್ಣು ಉಳಿಯಿತು. ಕನ್ನಡಕ ಬಂದ ದಿನ ಅತ್ತೆ ಕಪ್ಪು ಪಟ್ಟಿಯ ಮೇಲೇ ಕಾಲಿಟ್ಟು, ನಿಲ್ಲದೆ, ಯಾರ ಕೈಯನ್ನೂ ಹಿಡಿಯದೆ ಊಟಕ್ಕೆ ಬಂದರು. ಭಾವ ಬಾಯಿ ತೆರೆದು ನೋಡಿದರು. ಮುದ್ದೆ, ಬಸ್ಸಾರು ಬಡಿಸಿ ನಾನೂ ಅತ್ತೆಯ ಎದುರಿಗೆ ತಟ್ಟೆ ಇಟ್ಟುಕೊಂಡು ಕುಳಿತೆ. ಅವರು ತುತ್ತು ಮುರಿಯದೆ ನನ್ನನ್ನೇ ನೋಡತೊಡಗಿದರು. ಗುರುತು ಸಿಕ್ಕಿತೇನೋ ಎಂದು ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ.

"ಯಾರ ಮನೆ ಸೊಸೆನವ್ವ ನೀನು?"

"ಇದೇ ಮನೇದು ಅತ್ತೆ."

"ಕಣ್ಣೆಲ್ಲ ಗುಳಿ ಬಿದ್ದವೆ. ಎಷ್ಟು ಸೊರಗೋಗಿದ್ದೀಯ! ನಿಮ್ಮತ್ತೆ ಹೊಟ್ಟೆಗೆ ಸರ್ಯಾಗಿ ಇಕ್ಕಲ್ವಾ?"

ಅಷ್ಟು ದಿನದಲ್ಲಿ ಆ ಮನೆಯ ಯಾರೂ ನನ್ನ ಮುಖ ನೋಡಿ ಒಂದು ಮಾತು ಕೇಳಿರಲಿಲ್ಲ. "ಇಕ್ತಾರೆ, ಚೆನ್ನಾಗಿ ನೋಡ್ಕೋತಾರೆ," ಅಂದೆ. ಅವರು ನಂಬಲಿಲ್ಲ. ತಮ್ಮ ಮುದ್ದೆಯಲ್ಲಿ ಅರ್ಧ ಮುರಿದು ನನ್ನ ತಟ್ಟೆಗೆ ಹಾಕಿದರು.

"ಆವಮ್ಮ ಬರೋದ್ರೊಳ್ಗೆ ತಿಂದ್ಬುಡು."