ಫೋಟೋ ಕೆಳಗಿನ ಎರಡು ಸಾಲು

ಫೋನಿನಲ್ಲಿ ಫೋಟೋ ಹಂಚಿಕೊಳ್ಳುವ ಆ ತಾಣ ನನಗೆ ಇಷ್ಟವಾಗಿದ್ದಕ್ಕೆ ಒಂದೇ ಕಾರಣ, ಅದು ತನ್ನ ಪಾಡಿಗೆ ತಾನಿತ್ತು. ತಮಿಳುನಾಡಿನ ನಂಗವಳ್ಳಿಯಲ್ಲಿ ಅಕ್ಕ ಒಂದು ಫೋಟೋ ಹಾಕುತ್ತಿದ್ದಳು, ಧರ್ಮಪುರಿಯಲ್ಲಿ ಕೂತು ನಾನು ನೋಡುತ್ತಿದ್ದೆ. ಅಪ್ಪ ಇರುವುದು ಅವಳ ಮನೆಯಲ್ಲಿ. ಹಾಗಾಗಿ ಅವಳ ಫೋಟೋ ನನಗೆ ಬಿ.ಪಿ. ಮಾತ್ರೆ ಇದ್ದ ಹಾಗೆ. ಅಪ್ಪ ಮಗ್ಗದ ಮುಂದೆ ಕೂತಿದ್ದಾನೆ, ಅಪ್ಪ ಟೀ ಕುಡಿಯುತ್ತಿದ್ದಾನೆ. ಸರಿ, ಇವತ್ತಿಗೆ ಬೇರೆ ಚಿಂತೆ ಹುಡುಕಿಕೊಳ್ಳಬಹುದು.

ಆಮೇಲೆ ಅದಕ್ಕೆ ಹೊಸ ಸೌಲಭ್ಯಗಳು ಬರತೊಡಗಿದವು. ನಿಂತ ಫೋಟೋ ಅಲುಗಾಡಿತು. ಕೇಳದೆಯೇ ಹಾಡು ಸೇರಿಕೊಂಡಿತು. ಮುಖ ಗುರುತು ಹಿಡಿಯುತ್ತೇನೆಂದು ನನ್ನನ್ನೂ ನನ್ನ ಮಾವನನ್ನೂ ಒಬ್ಬನೇ ಮನುಷ್ಯನನ್ನಾಗಿ ಮಾಡಿತು. ಹೆಂಡತಿ ಅದನ್ನು ಇನ್ನೂ ಆಡಿಕೊಳ್ಳುತ್ತಾಳೆ. ಆದರೂ ಫೋಟೋಗಳು ಮೊದಲಿಗಿಂತ ಚೊಕ್ಕಟವಾಗಿ ಕಾಣುತ್ತಿದ್ದವು, ಅಪ್ಪನ ಕೈಯ ನರ ಕೂಡ ಎಣಿಸುವ ಹಾಗೆ. ಬೈದುಕೊಳ್ಳುತ್ತಲೇ ನೋಡುತ್ತಿದ್ದೆ.

ಆಯುಧ ಪೂಜೆಗೆ ನಾನು ಊರಿಗೆ ಹೋಗಿರಲಿಲ್ಲ. ಹಬ್ಬದ ಬಸ್ಸಿನ ನೂಕುನುಗ್ಗಲು ನೆನೆದೇ ಸುಸ್ತಾಗಿತ್ತು. ಮರುದಿನ ಬೆಳಿಗ್ಗೆ ಅಕ್ಕನ ಫೋಟೋ ಬಂತು. ಅಪ್ಪನ ಮಗ್ಗಕ್ಕೆ ಚೆಂಡುಹೂವಿನ ಹಾರ, ಕುಂಕುಮ. ಅಪ್ಪ ಕೂರುವ ಜಾಗ ಖಾಲಿ. ಕೆಳಗೆ ಇಂಗ್ಲಿಷಿನಲ್ಲಿ ಎರಡು ಸಾಲು: ‘ಫಾದರ್ ಈಸ್ ಓವರ್. ಎವ್ರಿಬಡಿ ಏಟ್ ವೆಲ್.’

ಅಪ್ಪ ಮುಗಿದ. ಎಲ್ಲರೂ ಚೆನ್ನಾಗಿ ಉಂಡರು.

ಅಕ್ಕನಿಗೆ ಇಂಗ್ಲಿಷ್ ಬರುವುದಿಲ್ಲ. ಯಾರೋ ಪಕ್ಕದಲ್ಲಿ ನಿಂತು ಬರೆದುಕೊಟ್ಟಿದ್ದಾರೆ ಅಂದುಕೊಂಡೆ. ನಮ್ಮ ಮನೆಗಳಿಗೆ ಕೆಟ್ಟ ಸುದ್ದಿ ಇಂಗ್ಲಿಷಿನಲ್ಲೇ ಬರುವುದು. ಆಗ ತಂತಿ, ಈಗ ಆಸ್ಪತ್ರೆಯ ರಿಪೋರ್ಟು. ಫೋನ್ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು.

ಹೆಂಡತಿ ಫೋಟೋ ನೋಡಿ, “ನಿಮ್ಮಪ್ಪ ಓಗ್ಬಿಟ್ಟಿದ್ರೆ ನಿಮ್ಮಕ್ಕ ಪೋಟೋ ಆಕ್ಕಂಡು ಕೂತಿರ್ತಾಳಾ? ಎಲ್ಲಾರೂ ಸೆಂದಾಗಿ ಉಂಡ್ರು ಅಂತ ಬೇರೆ ಬರೀತಾಳಾ?” ಅಂದಳು.

ನಮ್ಮ ಜನ ತಿಥಿಯಲ್ಲೂ ಚೆನ್ನಾಗಿಯೇ ಉಣ್ಣುತ್ತಾರೆ ಎಂದು ನನ್ನ ಬುದ್ಧಿ ಕೂಡಲೇ ಉತ್ತರ ಕೊಟ್ಟಿತು. ಹೊರಟೇಬಿಟ್ಟೆ. ಬಸ್ಸಿನಲ್ಲಿ, ತಲೆ ಬೋಳಿಸಬೇಕಾಗುತ್ತದಲ್ಲ, ಇರುವ ನಾಲ್ಕು ಕೂದಲು ಮತ್ತೆ ಬರುತ್ತವೋ ಇಲ್ಲವೋ ಎಂಬ ಯೋಚನೆ ಬಂತು. ಅಂಥ ಹೊತ್ತಿನಲ್ಲಿ ಇಂಥ ಯೋಚನೆ ಬಂತಲ್ಲ ಎಂದು ಅದಕ್ಕೊಂದು ಬೇರೆ ಚಿಂತೆ. ಓಮಲೂರಿನಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದೆ.

ಅಕ್ಕನ ಬೀದಿಯಲ್ಲಿ ಶಾಮಿಯಾನ ಇರಲಿಲ್ಲ, ತಮಟೆ ಇರಲಿಲ್ಲ. ಅಪ್ಪ ಜಗಲಿಯ ಮೇಲೆ ಕೂತು ಕಡಲೆ ಉಸಲಿ, ನಮ್ಮ ಕಡೆಯ ಸುಂಡಲ್, ತಿನ್ನುತ್ತಿದ್ದ.

“ಏನ್ಲಾ, ನೆನ್ನೆ ಅಬ್ಬಕ್ಕೆ ಬರ್ಲಿಲ್ಲ, ಇವತ್ತು ಬಂದಿದ್ದೀಯಾ?”

ನಾನು ಜಗಲಿ ಹಿಡಿದುಕೊಂಡು ಅಲ್ಲೇ ಕೂತೆ. ಅಕ್ಕ ನೀರು ತಂದಳು. ಅವಳ ಫೋನ್ ಒಳಗೆ ಅಕ್ಕಿ ಡಬ್ಬದ ಮೇಲೆ ಸದ್ದು ಅಡಗಿಸಿಕೊಂಡು ಬಿದ್ದಿತ್ತು. ನನ್ನ ಫೋನ್ ತೋರಿಸಿ ಅದರಲ್ಲಿದ್ದದ್ದನ್ನು ಓದಿ ಹೇಳಿದೆ.

“ಅಯ್ಯೋ ನಿನ್ ಬಾಯಿಗೆ! ನಾನು ಅಬ್ಬ ಅಂತ ತಾನೇ ಬರ್ದಿದ್ದು!”

ಅವಳ ಫೋನ್ ತರಿಸಿ ನೋಡಿದಾಗ ಸಂಗತಿ ತಿಳಿಯಿತು. ಮನೆಯಲ್ಲಿ ನಾವು ಆಡುವುದು ಕನ್ನಡ, ಶಾಲೆಯಲ್ಲಿ ಕಲಿತದ್ದು ತಮಿಳು. ಆದ್ದರಿಂದ ಅಕ್ಕ ಬರೆಯುವುದು ತಮಿಳು ಅಕ್ಷರದಲ್ಲಿ. ಅವಳು ಬರೆದದ್ದು, ‘ಅಬ್ಬ ಮುಡಿಂಜುದು, ಎಲ್ಲಾರುಂ ನಲ್ಲಾ ಸಾಪ್ಪಿಟ್ಟಾಂಗ.’ ಅಂದರೆ ಹಬ್ಬ ಮುಗಿಯಿತು, ಎಲ್ಲರೂ ಚೆನ್ನಾಗಿ ಉಂಡರು. ಅದರಲ್ಲಿ ಕನ್ನಡ ಎನ್ನುವುದು ಒಂದೇ ಮಾತು, ಹಬ್ಬ. ಅದರ ಹಕಾರವನ್ನು ನಮ್ಮ ನಾಲಿಗೆ ತಿಂದುಹಾಕಿತ್ತು. ತಮಿಳಿನಲ್ಲಿ ಬಕಾರಕ್ಕೂ ಪಕಾರಕ್ಕೂ ಒಂದೇ ಅಕ್ಷರ. ಅಬ್ಬ ಹೋಗಿ ಅಪ್ಪ ಆಯಿತು. ಬರೆದದ್ದನ್ನು ತಾನೇ ಇಂಗ್ಲಿಷಿಗೆ ತಿರುಗಿಸುವ ಹೊಸ ಸೌಲಭ್ಯ ಆ ವಾರವಷ್ಟೇ ನನ್ನ ಫೋನಿಗೆ ಬಂದಿತ್ತು. ಉಳಿದದ್ದನ್ನು ಅದು ನೋಡಿಕೊಂಡಿತು. ಎಲ್ಲಿ ಅಬ್ಬ, ಎಲ್ಲಿ ಅಪ್ಪ ಎಂದು ನಾಲ್ಕು ತಲೆಮಾರಿನಿಂದ ನಾವು ತಪ್ಪಿಲ್ಲದೆ ಓದಿಕೊಂಡು ಬಂದದ್ದು ಅದಕ್ಕೆ ತಿಳಿಯುವುದಾದರೂ ಹೇಗೆ?

ಅಪ್ಪ ಎಲ್ಲವನ್ನೂ ಕೇಳಿಸಿಕೊಂಡು, “ನಾನ್ ಸತ್ತಿದ್ದುಕ್ಕೆ ಎಲ್ಲಾರೂ ಸೆಂದಾಗಿ ಉಂಡ್ರಂತಾ?” ಎಂದ.

“ಊಂ, ಅಂಗಂತ ಐತೆ,” ಎಂದೆ.

“ವಡೆ ಆಕಿದ್ರಾ?”

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಾನೂ ನಕ್ಕೆ, ಕಣ್ಣು ಒರೆಸಿಕೊಂಡೆ, ಅವನ ತಟ್ಟೆಯಿಂದಲೇ ಸುಂಡಲ್ ತಿಂದೆ. ಅನುವಾದವನ್ನು ನಿಲ್ಲಿಸುವ ಗುಂಡಿ ಎಲ್ಲಿದೆ ಎಂದು ಹುಡುಕತೊಡಗಿದೆ. ಸಿಗಲಿಲ್ಲ. ಹಾಳಾಗಿ ಹೋಗಲಿ, ಮನುಷ್ಯ ಎದುರಿಗೇ ಕೂತು ಕಡಲೆ ಅಗಿಯುತ್ತಿದ್ದಾನೆ.

ಅಷ್ಟರಲ್ಲಿ ಅಕ್ಕನ ಫೋನ್ ಬೆಳಗಿತು. ಕಂಬೈನಲ್ಲೂರಿನ ಅತ್ತೆ, ಅಪ್ಪನ ತಂಗಿ. ಅವಳ ಮಗ ತನ್ನ ಇಂಗ್ಲಿಷ್ ಫೋನಿನಲ್ಲಿ ಅದೇ ಸಾಲನ್ನು ಓದಿ ಹೇಳಿದ್ದಾನೆ. ಅತ್ತೆ ಬಸ್ಸಿನಲ್ಲಿ ಕೂತೇ ರಾಗ ಎಳೆದು ಅಳುತ್ತಿದ್ದದ್ದು ಜಗಲಿಯ ತುದಿಗೂ ಕೇಳುತ್ತಿತ್ತು. ಹೇಳಬಾರದು, ನನಗೆ ಇನ್ನೂ ಸ್ವಲ್ಪ ಹಗುರವಾಯಿತು. ಹೆದರಿ ಬಸ್ಸು ಹತ್ತಿದವನು ನಾನೊಬ್ಬನೇ ಅಲ್ಲ.

ಅಕ್ಕ ಫೋನನ್ನು ಅಪ್ಪನ ಕೈಗೆ ಕೊಟ್ಟಳು. “ನಾನ್ ಯೇಳಿದ್ರೆ ನಂಬಾಕಿಲ್ಲ. ನೀನೇ ಯೇಳಪ್ಪಾ.”

ಅಪ್ಪ ಬಾಯಲ್ಲಿದ್ದ ಕಡಲೆ ನುಂಗಿ, ಗಂಟಲು ಸರಿಮಾಡಿಕೊಂಡ.

“ಅಳ್‌ಬ್ಯಾಡ ಕಣಮ್ಮಿ, ಇಲ್ಲೇ ಇದ್ದೀನಿ. ಅರ್ಧ ದಾರಿ ಬಂದಿದ್ದೀಯಲ್ಲ, ತಿರುಗ್‌ಬ್ಯಾಡ. ಬಂದು ಉಂಡ್ಕಂಡು ಓಗು.”